ಪಂಚೆ, ಮಿರ್ಚಿ ಮತ್ತು ಸೆಕ್ಷನ್ನು

ಸಿರುಗುಪ್ಪದ ನಮ್ಮ ಮಾವ ಭತ್ತ ಮಾರಿದ ದುಡ್ಡನ್ನು ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡು ಬಳ್ಳಾರಿಯ ಒಂದು ಬಟ್ಟೆ ಅಂಗಡಿಗೆ ಹೋದರೆ, ಬಾಗಿಲಲ್ಲಿದ್ದ ಸೆಕ್ಯುರಿಟಿಯವನು "ಏ ಮುದುಕಾ, ಅತ್ಲಾಗ ನಿಂದ್ರು" ಅಂದುಬಿಟ್ಟನಂತೆ. ಆಮೇಲೆ ನನಗೆ ಫೋನು: "ಅಳಿಯಾ, ಇದಕ್ಕ ಕಾನೂನು ಏನೈತಿ?"

ಏನಿಲ್ಲ ಹೇಳಿ! 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಜಿ.ಟಿ. ಮಾಲ್‌ನಲ್ಲಿ ಪಂಚೆಯುಟ್ಟ ಹಾವೇರಿ ಕಡೆಯ ರೈತರೊಬ್ಬರನ್ನು ತಡೆದದ್ದಕ್ಕೆ, ಮಾಲನ್ನೇ ಏಳು ದಿನ ಮುಚ್ಚಿಸುತ್ತೇವೆಂದು ಸರ್ಕಾರ ಸದನದಲ್ಲಿ ಘೋಷಿಸಿತ್ತು. ಅಕ್ರಮವಾಗಿ ಅಡ್ಡಗಟ್ಟಿದರೆ ಭಾರತೀಯ ನ್ಯಾಯ ಸಂಹಿತೆಯ 126ನೇ ಸೆಕ್ಷನ್ನು: ತಿಂಗಳವರೆಗೆ ಸಾದಾ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬರೀ ಒರಟು ಮಾತಿಗೆ ಜೈಲಿಲ್ಲ (ಇದ್ದಿದ್ದರೆ ನಮ್ಮ ಮನೆತನವೇ ಒಳಗಿರುತ್ತಿತ್ತು). ಜಗಳ ಹಚ್ಚುವಂತೆ ಬೇಕೆಂದೇ ಅವಮಾನಿಸಿದರೆ 352.

"ಪೊಲೀಸರ ಹಾಂಗ ಡ್ರೆಸ್ ಹಾಕ್ಕೊಂಡಿದ್ದ."

"ಅದಂತೂ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯೊಳಗ ಅಪರಾಧ ಮಾವಾ. ಏಜೆನ್ಸಿ ಮಾಲೀಕನಿಗೂ ಶಿಕ್ಷೆ ಐತಿ. ಕಂಪ್ಲೇಂಟ್ ಬರೀಲೇನು?"

ಮಾವ ಕೆಮ್ಮಿದರು. "ಬ್ಯಾಡ ಬಿಡಪಾ. ಆಮ್ಯಾಲೆ ವಿಚಾರಿಸಿದೆ, ಕುರುಗೋಡಿನಾವ, ನಮ್ಮ ಬೀಗರ ಓಣಿಯಾವ. ಇಬ್ರೂ ಕೂಡಿ ಒಗ್ಗರಣೆ-ಮಿರ್ಚಿ ತಿಂದ್ವಿ."

"ಮತ್ತ ಕಾನೂನು ಯಾಕ ಕೇಳಿದ್ರಿ?"

"ಬಿಲ್ ನನ್ ಕಡಿಂದ ಕೊಡಿಸಿದ. ಅದಕ್ಕ ಯಾವ ಸೆಕ್ಷನ್ನು?"