ಮಕ್ಕಳನ್ನು ಸೈಟಿಗೆ ಕರೆಯಿರಿ: ಕಟ್ಟಡ ಗುತ್ತಿಗೆದಾರರಿಗೆ ಒಂದು ಬಹಿರಂಗ ಪತ್ರ

ಬಳ್ಳಾರಿ, ಹೊಸಪೇಟೆ, ರಾಯದುರ್ಗ, ಮಡಕಶಿರದ ಸುತ್ತಮುತ್ತ ಕಟ್ಟಡ, ರಸ್ತೆ, ಕಾಲುವೆ ಕೆಲಸ ಹಿಡಿದಿರುವ ಗುತ್ತಿಗೆದಾರರಿಗೂ ಅವರ ಸೈಟ್ ಎಂಜಿನಿಯರುಗಳಿಗೂ ಓಬಳಾಪುರದಿಂದ ಬರೆಯುತ್ತಿದ್ದೇನೆ.

ಬೇಸಿಗೆ ರಜೆ ಬಂತೆಂದರೆ ಸಿವಿಲ್ ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ನಿಮ್ಮ ಆಫೀಸಿನ ಬಾಗಿಲಿಗೆ ಬರುತ್ತಾರೆ. ಕೈಯಲ್ಲಿ ಪ್ರಿನ್ಸಿಪಾಲರ ಸಹಿ ಇರುವ ಪತ್ರ. ಈ ವಿದ್ಯಾರ್ಥಿಗೆ ತಮ್ಮಲ್ಲಿ ಇಂಟರ್ನ್‌ಶಿಪ್‌ಗೆ ಅವಕಾಶ ಮಾಡಿಕೊಡಬೇಕು ಎಂಬ ಕೋರಿಕೆ. ಅದಕ್ಕೆ ನಿಮ್ಮ ಕಡೆಯಿಂದ ಎರಡೇ ಉತ್ತರ. ಒಂದು, ನಮ್ಮಲ್ಲಿ ಜಾಗ ಇಲ್ಲ. ಇನ್ನೊಂದು, "ಲೆಟರ್ ಇಟ್ಟು ಹೋಗಪ್ಪ, ಕಾಲೇಜು ಶುರುವಾಗೋ ಹೊತ್ತಿಗೆ ಬಂದು ಸರ್ಟಿಫಿಕೇಟ್ ತಗೊಂಡು ಹೋಗು." ಮೊದಲ ಉತ್ತರದ ಮೇಲೆ ನನಗೆ ತಕರಾರಿಲ್ಲ. ಬಾಗಿಲು ಮುಚ್ಚಿದವರ ಮುಂದೆ ಮಕ್ಕಳು ನಿಲ್ಲುವುದಿಲ್ಲ, ಮುಂದಿನ ಬಾಗಿಲು ಹುಡುಕಿಕೊಂಡು ಹೋಗುತ್ತಾರೆ. ಈ ಪತ್ರ ಬರೆಯುತ್ತಿರುವುದು ಎರಡನೆಯ ಉತ್ತರಕ್ಕಾಗಿ. ಅದನ್ನು ನೀವು ಉಪಕಾರ ಎಂದು ತಿಳಿದಿದ್ದೀರಿ. ಓದುವ ಮಕ್ಕಳಿಗೆ ಅದಕ್ಕಿಂತ ದೊಡ್ಡ ಕೇಡು ಬೇರೆ ಇಲ್ಲ ಎಂದು ನಾನು ನಂಬಿದ್ದೇನೆ.

ನಾನು ಕಟ್ಟಡ ಕೆಲಸದಲ್ಲಿ ಸೂಪರ್‌ವೈಸರ್ ಆಗಿ ಬದುಕು ಸವೆಸಿದವನು. ಸೆಂಟ್ರಿಂಗ್ ಹಲಗೆಯ ಮೇಲೆ ನಿಂತು ಕಲಿತದ್ದೇ ನನ್ನ ವಿದ್ಯೆ. ನಮ್ಮೂರು ಇರುವುದು ಡಿ.ಹಿರೇಹಾಳು ಮಂಡಲದಲ್ಲಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಹರಿದು ಹಂಚಿಹೋದಾಗ ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ, ಅನಂತಪುರ ಜಿಲ್ಲೆಗೆ ಸೇರಿತು. ಅಂದಿನಿಂದ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಗೂ ಆಸ್ಪತ್ರೆಗೂ ಬಳ್ಳಾರಿ. ನಮ್ಮ ಮಕ್ಕಳಲ್ಲಿ ಕೆಲವರು ಅನಂತಪುರದ ಜೆಎನ್‌ಟಿಯು ವ್ಯಾಪ್ತಿಯ ಕಾಲೇಜುಗಳಿಗೆ ಹೋಗುತ್ತಾರೆ, ಕೆಲವರು ವಿಟಿಯು ವ್ಯಾಪ್ತಿಯ ಬಳ್ಳಾರಿ ಕಾಲೇಜುಗಳಿಗೆ. ಯಾವ ಕಡೆ ಹೋದರೂ ಇಂಟರ್ನ್‌ಶಿಪ್ ತಪ್ಪುವುದಿಲ್ಲ. ಆಂಧ್ರದ 2020ರ ಪಠ್ಯಕ್ರಮದಲ್ಲಿ ಎರಡನೇ ವರ್ಷ ಮುಗಿದ ಮೇಲೊಮ್ಮೆ, ಮೂರನೇ ವರ್ಷ ಮುಗಿದ ಮೇಲೊಮ್ಮೆ ಬೇಸಿಗೆಯಲ್ಲಿ ಮಾಡಬೇಕು, ಕೊನೆಯ ಸೆಮಿಸ್ಟರಿನಲ್ಲಿ ಮತ್ತೆ ಮಾಡಬೇಕು ಎಂದು ಗೊತ್ತುಮಾಡಿದರು. ವಿಟಿಯುವಿನ 2022ರ ಸ್ಕೀಮಿನಲ್ಲಿ 14ರಿಂದ 20 ವಾರ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇಡ. ಆದರೆ ಇಷ್ಟು ವಾರ ಈ ಮಕ್ಕಳು ನಿಲ್ಲುವುದೆಲ್ಲಿ? ಆ ಜಾಗ ಕೊಡಬೇಕಾದವರು ನೀವು.

ಓಬಳಾಪುರ ಎಂದೊಡನೆ ನಿಮಗೆ ಗಣಿ ನೆನಪಾಗುತ್ತದೆ. ನನಗೆ ನೆನಪಾಗುವುದು ಗಡಿ ಕಲ್ಲು. ಗಣಿಗಾರಿಕೆಯ ಭರದಲ್ಲಿ ಎರಡು ರಾಜ್ಯಗಳ ಗಡಿ ಗುರುತುಗಳೇ ಅಳಿಸಿಹೋದವು ಎಂಬ ದೂರು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಕರ್ನಾಟಕ ಎಲ್ಲಿ ಮುಗಿಯುತ್ತದೆ, ಆಂಧ್ರ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯಲು ಸರ್ವೆ ಆಫ್ ಇಂಡಿಯಾದವರು ಬಂದು ಅಳೆಯಬೇಕಾಯಿತು. ಸಿವಿಲ್ ಓದುವವರು ಮೊದಮೊದಲು ಕಲಿಯುವ ವಿದ್ಯೆಗಳಲ್ಲಿ ಈ ಸರ್ವೆಯೂ ಒಂದು. ನೆಲದ ಮೇಲೆ ಒಂದು ಗುರುತು ಸುಳ್ಳಾದರೆ ಏನಾಗುತ್ತದೆ ಎಂಬುದನ್ನು ನಮ್ಮೂರಿನವರಿಗೆ ಪುಸ್ತಕ ಹೇಳಿಕೊಡಬೇಕಿಲ್ಲ. ಸೈಟಿಗೆ ಕಾಲಿಡದ ಹುಡುಗನಿಗೆ ಎಂಟು ವಾರ ಕೆಲಸ ಕಲಿತ ಎಂದು ನೀವು ಬರೆದುಕೊಡುವುದೂ ಅಂಥದೇ ಸುಳ್ಳು ಗುರುತು. ಅದನ್ನು ನಂಬಿ ಮುಂದೆ ಒಬ್ಬರು ಅವನಿಗೆ ಕೆಲಸ ಕೊಡುತ್ತಾರೆ, ಅವನ ಮಾತು ನಂಬಿ ಇನ್ನೊಬ್ಬರು ಮನೆ ಕಟ್ಟಿಸುತ್ತಾರೆ.

ಸೈಟಿಗೆ ಬಾರದ ಆ ಹುಡುಗ ಕಳೆದುಕೊಂಡದ್ದೇನು ಎಂದು ಕೇಳುವಿರಾದರೆ, ಛಾವಣಿಗೆ ಮೋಲ್ಡ್ ಹಾಕುವ ಒಂದೇ ಒಂದು ದಿನವನ್ನು ನೆನಪಿಸಿಕೊಳ್ಳಿ. ಮುಂಜಾನೆ ಮಿಕ್ಸರ್ ಬರುವ ಮೊದಲು ಸೆಂಟ್ರಿಂಗ್ ಹತ್ತಿ ಕಂಬಿ ನೋಡಬೇಕು. ಡ್ರಾಯಿಂಗಿನಲ್ಲಿ 150 ಮಿಲಿಮೀಟರ್ ಅಂತರ ಎಂದಿರುತ್ತದೆ, ಟೇಪ್ ಹಿಡಿದರೆ ಒಂದು ಕಡೆ 140, ಇನ್ನೊಂದು ಕಡೆ 190. ಕಂಬಿಯ ಕೆಳಗೆ 20 ಮಿಲಿಮೀಟರಿನ ಕವರ್ ಬ್ಲಾಕ್ ಇರಬೇಕು. ನಡೆದಾಡುವವರ ಕಾಲಿಗೆ ಸಿಕ್ಕಿ ಅರ್ಧ ಜರುಗಿರುತ್ತವೆ, ಕಂಬಿ ಹಲಗೆಗೆ ಅಂಟಿಕೊಂಡಿರುತ್ತದೆ. ಹಾಗೇ ಕಾಂಕ್ರೀಟ್ ಬಿದ್ದರೆ ಕೆಲವೇ ವರ್ಷಕ್ಕೆ ಛಾವಣಿಯ ಅಡಿಯಲ್ಲಿ ತುಕ್ಕಿನ ಗೆರೆ ಮೂಡಿ, ಸಿಮೆಂಟು ಹಕ್ಕಳೆಯಾಗಿ ಉದುರುತ್ತದೆ. ಬಗ್ಗಿ ಕೂತು, ಕಂಬಿಯನ್ನು ಸಬ್ಬಲ್ಲಿನಿಂದ ಎತ್ತಿ, ಬ್ಲಾಕನ್ನು ಕೈಯಿಂದ ಒಳಗೆ ತಳ್ಳಿದವನು ಆ 20 ಮಿಲಿಮೀಟರನ್ನು ಸಾಯುವತನಕ ಮರೆಯುವುದಿಲ್ಲ. ಪರೀಕ್ಷೆಗೆ ಓದಿದವನು ಪರೀಕ್ಷೆಯ ಮರುದಿನ ಮರೆಯುತ್ತಾನೆ.

ಹತ್ತು ಗಂಟೆಗೆ ಬಿಸಿಲೇರುತ್ತದೆ. ನಮ್ಮ ಕಡೆಯ ಮೇ ತಿಂಗಳ ಬಿಸಿಲು ನಿಮಗೆ ಗೊತ್ತಿದ್ದದ್ದೇ. ಮಾಲು ಬೇಗ ಬಿಗಿಯುತ್ತದೆ. ಮೇಸ್ತ್ರಿ ಮೇಲಿನಿಂದ ಕೂಗುತ್ತಾನೆ: "ಇನ್ನೊಂದು ಬಕೀಟು ನೀರು ಬಿಡ್ರಪ್ಪಾ, ಎಳೆಯಾಕ ಬರವಲ್ದು." ಆಗ ಇಪ್ಪತ್ತು ವರ್ಷದ ಒಂದು ಹುಡುಗಿ ಮಿಕ್ಸರಿನ ಪಕ್ಕ ನಿಂತು, "ಬ್ಯಾಡ ಅಣ್ಣಾ, ನೀರು ಹೆಚ್ಚಾದ್ರ ಬಲ ಕಡಿಮೆ ಆಗ್ತದ, ಸ್ಲಂಪ್ ನೋಡೋಣ ತಾಳ್ರಿ" ಎನ್ನಬೇಕು. ತನ್ನ ಅಪ್ಪನಷ್ಟು ವಯಸ್ಸಾದ, ತನಗಿಂತ ನೂರುಪಟ್ಟು ಕೆಲಸ ಬಲ್ಲ ಮನುಷ್ಯನಿಗೆ ಮರ್ಯಾದೆ ಬಿಡದೆ, ಪಟ್ಟೂ ಬಿಡದೆ ಹಾಗೆ ಹೇಳುವುದನ್ನು ಯಾವ ಕ್ಲಾಸಿನಲ್ಲಿ ಕಲಿಸುತ್ತಾರೆ? ಅವಳು ಅಂದೇ 150 ಮಿಲಿಮೀಟರಿನ ಕ್ಯೂಬುಗಳನ್ನು ತುಂಬಿ, ಮೇಲೆ ತಾರೀಖು ಬರೆದು, ಮರುದಿನ ಬಿಚ್ಚಿ ನೀರಿಗೆ ಹಾಕಬೇಕು. ಏಳನೇ ದಿನ ಕೆಲವನ್ನು, ಇಪ್ಪತ್ತೆಂಟನೇ ದಿನ ಉಳಿದವನ್ನು ಒಡೆಸಿ ನೋಡಬೇಕು. ಎಂ20 ಎಂದು ಬಿಲ್ಲಿನಲ್ಲಿ ಬರೆದದ್ದು ಮಷೀನಿನ ಅಡಿಯಲ್ಲಿ ಎಷ್ಟಕ್ಕೆ ಒಡೆಯಿತು ಎಂದು ಕಣ್ಣಾರೆ ಕಂಡವಳು ಮುಂದೆ ಕಣ್ಣುಮುಚ್ಚಿ ಬಿಲ್ಲಿಗೆ ಸಹಿ ಹಾಕಲಾರಳು. ಇಂಟರ್ನ್‌ಶಿಪ್‌ಗೆ ವಾರಗಟ್ಟಲೆ ಅವಧಿ ಬೇಕಾದದ್ದೂ ಇದಕ್ಕೇ. ಇಪ್ಪತ್ತೆಂಟು ದಿನದ ಕ್ಯೂಬು ಹದಿನೈದು ದಿನದ ರಜೆಗೆ ಸಿಗುವುದಿಲ್ಲ.

ನಿಮ್ಮ ಕಷ್ಟ ನನಗೆ ತಿಳಿಯದ್ದಲ್ಲ. ಹುಡುಗರು ಮೇಲಿಂದ ಬಿದ್ದರೆ ಪೊಲೀಸ್ ಕೇಸು ನಿಮ್ಮ ಮೇಲೆ. ಕೂಲಿಯವರ ಲೆಕ್ಕದಲ್ಲೂ ಅವರಿಲ್ಲ, ಸಂಬಳದವರ ಲೆಕ್ಕದಲ್ಲೂ ಇಲ್ಲ, ವಿಮೆ ಇಲ್ಲ. ಕೆಲಸ ಹೇಳಿಕೊಡುತ್ತ ನಿಂತರೆ ಎಂಜಿನಿಯರನ ಹೊತ್ತು ಹಾಳು. ಈ ಮಾತುಗಳೆಲ್ಲ ನಿಜ. ಇವಕ್ಕೆ ದಾರಿಯೂ ಇದೆ: ಕಾಲೇಜಿನಿಂದ ಅಪಘಾತ ವಿಮೆ ಮಾಡಿಸಿಕೊಂಡೇ ಬಾ ಎಂದು ಪಟ್ಟು ಹಿಡಿಯಿರಿ, ಹೆಲ್ಮೆಟ್ಟು, ಬೂಟು ಇಲ್ಲದೆ ಒಳಗೆ ಬಿಡಬೇಡಿ, ಮೊದಲ ವಾರ ಎರಡನೇ ಮಹಡಿಗೆ ಹತ್ತಿಸಬೇಡಿ. ಆದರೆ ಇನ್ನೊಂದು ಕಾರಣವನ್ನು ನೀವು ಬಾಯಿಬಿಟ್ಟು ಹೇಳುವುದಿಲ್ಲ. ಕಲಿಯಲು ಬಂದ ಮಕ್ಕಳು ಪ್ರಶ್ನೆ ಕೇಳುತ್ತಾರೆ. ಕಾಲಮ್ಮಿನ ರಿಂಗಿನ ಕೊಕ್ಕೆಯನ್ನು 135 ಡಿಗ್ರಿ ಏಕೆ ಮಡಚಿಲ್ಲ ಎನ್ನುತ್ತಾರೆ, ಹದಿನಾಲ್ಕು ದಿನ ನಿಲ್ಲಬೇಕಾದ ದೊಡ್ಡ ಸ್ಲ್ಯಾಬಿನ ಆಸರೆ ಏಳೇ ದಿನಕ್ಕೆ ಏಕೆ ಬಿಚ್ಚಿದಿರಿ ಎನ್ನುತ್ತಾರೆ. ನಿಮಗೆ ಬೇಡವಾದದ್ದು ಆ ಪ್ರಶ್ನೆಗಳೇ ಆಗಿದ್ದರೆ, ತೊಂದರೆ ಇರುವುದು ಮಕ್ಕಳಲ್ಲಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಇನ್ನೊಂದು ಬಿತ್ತು. ಸೈಟಿನಲ್ಲಿ ಪ್ರಶ್ನೆ ಕೇಳುವವರು ಒಬ್ಬರು ಹೆಚ್ಚಿಗೆ ಇದ್ದರೆ ಯಾರಿಗೂ ನಷ್ಟವಿಲ್ಲ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ನನ್ನ ತಂಗಿಯ ಮಗಳಿಗೆ ಒಬ್ಬರು ಗುತ್ತಿಗೆದಾರರು ಒಪ್ಪಿ ಅವಕಾಶ ಕೊಟ್ಟರು. ಅಲ್ಲಿ ಶೌಚಾಲಯವಿರಲಿಲ್ಲ. ಹುಡುಗಿ ಬೆಳಗ್ಗೆಯಿಂದ ಒಂದು ಗುಟುಕು ನೀರು ಕುಡಿಯದೆ ಆ ಬಿಸಿಲಲ್ಲಿ ಸಂಜೆವರೆಗೆ ನಿಲ್ಲುತ್ತಿದ್ದಳು. ಅದನ್ನು ಗಮನಿಸಿದ ಅವರು, "ನಾಳೆಯಿಂದ ಬರಬೇಡಮ್ಮ, ಸುಮ್ಮನೆ ಯಾಕೆ ಕಷ್ಟ, ಸರ್ಟಿಫಿಕೇಟ್ ಕಳಿಸಿಕೊಡ್ತೀವಿ" ಎಂದರು. ಕನಿಕರದ ಮಾತೇ, ಇಲ್ಲವೆನ್ನುವುದಿಲ್ಲ. ಆದರೆ ಸರ್ಟಿಫಿಕೇಟಿನ ಬದಲು ತಗಡಿನದೊಂದು ಶೌಚಾಲಯ ಕಟ್ಟಿಸಬಹುದಿತ್ತು. ಅಲ್ಲಿ ಇಟ್ಟಿಗೆ ಹೊರುವ ಹೆಂಗಸರಿಗೂ ಆಗುತ್ತಿತ್ತು. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕಾಯ್ದೆಯಲ್ಲೇ ಕುಡಿಯುವ ನೀರು, ಶೌಚಾಲಯ ಒದಗಿಸುವುದು ಕೆಲಸ ಮಾಡಿಸುವವರ ಹೊಣೆ ಎಂದು ಬರೆದಿತ್ತು. ಸಿವಿಲ್ ಓದಿದ ಹುಡುಗಿಯರು ಕೊನೆಗೆ ಸಾಫ್ಟ್‌ವೇರಿಗೆ ಹೋಗುತ್ತಾರೆ ಎಂದು ನಾವು ಗೊಣಗುತ್ತೇವೆ. ಅವರನ್ನು ಅತ್ತ ಕಳಿಸಿದವರು ಯಾರು?

ಇನ್ನು ದುಡ್ಡಿನ ಮಾತು. ಪಾಸಾದ ಎಂಜಿನಿಯರುಗಳಿಗೆ ಅಪ್ರೆಂಟಿಸ್ ಕಾಯ್ದೆಯಿದೆ. ಅದು 1961ರದು, 1973ರ ತಿದ್ದುಪಡಿಯಲ್ಲಿ ಪದವೀಧರರೂ ಡಿಪ್ಲೊಮಾದವರೂ ಅದರೊಳಗೆ ಬಂದರು. 2019ರ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ 9,000 ರೂಪಾಯಿ ಗೊತ್ತುಮಾಡಿದರು. 30 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಅಪ್ರೆಂಟಿಸುಗಳನ್ನು ತೆಗೆದುಕೊಳ್ಳಲೇಬೇಕು. 2024ರಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಬಂದಾಗ ತಿಂಗಳಿಗೆ 5,000 ರೂಪಾಯಿ ಗೊತ್ತುಮಾಡಿದರು, ಆದರೆ ಪೂರ್ತಿ ಹೊತ್ತು ಕಾಲೇಜಿನಲ್ಲಿ ಓದುತ್ತಿರುವವರನ್ನು ಅದರಿಂದ ಹೊರಗಿಟ್ಟರು. ಹೀಗಾಗಿ ಓದುವ ಮಗುವಿನ ಕೈಗೆ ಬರುವುದು ಏನೂ ಇಲ್ಲ. ಮಡಕಶಿರದ ಹಳ್ಳಿಯಿಂದ ಬರುವ ಹುಡುಗನ ಮನೆಯಲ್ಲಿ ಆ ಎರಡು ತಿಂಗಳು ಅವನು ಕಡಲೆಕಾಯಿ ಹೊಲಕ್ಕೂ ಒದಗುವುದಿಲ್ಲ, ಬಸ್ಸಿನ ಖರ್ಚು ಮೇಲಿಂದ. ನೀವು ಸಂಬಳ ಕೊಡಬೇಕೆಂದು ನಾನು ಹೇಳುತ್ತಿಲ್ಲ. ಬಸ್ ಚಾರ್ಜು, ಮಧ್ಯಾಹ್ನದ ಊಟ ಕೊಡಿ. ಅದಕ್ಕೆ ಬದಲಾಗಿ ಅವನು ನಿಮ್ಮ ಕಂಬಿಯ ಲೆಕ್ಕ ಬರೆಯುತ್ತಾನೆ, ಅಳತೆ ಹಿಡಿಯುತ್ತಾನೆ. ನಮ್ಮ ಗಡಿ ಸೀಮೆಯ ಮಕ್ಕಳಿಗೆ ಕನ್ನಡ, ತೆಲುಗು ಎರಡೂ ಬರುತ್ತವೆ. ಎರಡೂ ಕಡೆಯ ಕೂಲಿಯವರನ್ನು ಇಟ್ಟುಕೊಂಡ ನಿಮಗೆ ಅದು ಸಣ್ಣ ಅನುಕೂಲವಲ್ಲ. ಇಂಟರ್ನ್‌ಶಿಪ್ ಹೆಸರಿನಲ್ಲಿ ಮಕ್ಕಳಿಂದಲೇ ಹಣ ಪಡೆದು, ನಾಲ್ಕು ವಿಡಿಯೊ ತೋರಿಸಿ ಸರ್ಟಿಫಿಕೇಟ್ ಮಾರುವವರು ಇದ್ದಾರೆ. ಅದು ಮೋಸ, ಅದಕ್ಕೆ ಬೇರೆ ಹೆಸರಿಲ್ಲ.

ಈ ಸುಳ್ಳು ಸರ್ಟಿಫಿಕೇಟಿನಲ್ಲಿ ಕಾಲೇಜುಗಳ ಪಾಲೂ ಇದೆ. ಎಂಟು ವಾರದಲ್ಲಿ ಒಮ್ಮೆಯೂ ಸೈಟಿಗೆ ಬಾರದ ಗೈಡು, ಕಳೆದ ವರ್ಷದವರ ರಿಪೋರ್ಟಿನಲ್ಲಿ ಹೆಸರು ಬದಲಿಸಿದರೂ ಅಂಕ ಕೊಡುತ್ತಾರೆ. ಅವರಿಗೆ ಬೇರೆ ಪತ್ರ ಬರೆಯಬೇಕು.

ಕೆಲಸಕ್ಕೆ ಬರಗಾಲವಿಲ್ಲ ನಮ್ಮ ಸೀಮೆಯಲ್ಲಿ. ತುಮಕೂರು–ರಾಯದುರ್ಗ ರೈಲು ಮಾರ್ಗ ಮಡಕಶಿರ, ಪಾವಗಡ, ಕಲ್ಯಾಣದುರ್ಗದ ಮೂಲಕ ಹಾದುಹೋಗುವ ಯೋಜನೆ. ಅದರಲ್ಲಿ ಮಣ್ಣಿನ ದಿಬ್ಬ, ಸೇತುವೆ, ಸ್ಟೇಷನ್ ಎಲ್ಲವೂ ಪಾಠವೇ. ತುಂಗಭದ್ರೆಯ ಮೇಲ್ಮಟ್ಟದ ಕಾಲುವೆ ನಮ್ಮ ಜಿಲ್ಲೆಗೆ ನೀರು ತರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ, ಅಣೆಕಟ್ಟು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ನೀರು ರಭಸದಿಂದ ಹರಿಯುತ್ತಿದ್ದಂತೆಯೇ ಗೇಟಿನ ಜಾಗಕ್ಕೆ ತಾತ್ಕಾಲಿಕ ತಡೆಯಾಗಿ ಸ್ಟಾಪ್ ಲಾಗ್ ಇಳಿಸಿದರು. ಅಂಥ ಅನುಭವಿಗಳು ನಮ್ಮ ನಡುವೆ ಇರುವಾಗಲೇ ಅವರ ಪಕ್ಕದಲ್ಲಿ ನೋಟ್‌ಬುಕ್ ಹಿಡಿದ ನಾಲ್ಕು ಮಕ್ಕಳು ನಿಂತಿರಬೇಡವೇ? ಹೊಸ ಕಟ್ಟಡವೇ ಬೇಕೆಂದಿಲ್ಲ. ಮಡಕಶಿರದ ಕಡೆಯ ಹೇಮಾವತಿಯಲ್ಲಿ ನೊಳಂಬರ ಕಾಲದ ಗುಡಿಗಳಿವೆ, ಅವುಗಳ ಕನ್ನಡ ಶಾಸನಗಳಿವೆ. ಒಂದೊಂದು ಕಂಬವನ್ನೂ ಅಳೆದು ನಕ್ಷೆ ತೆಗೆದರೆ ಅದೂ ಒಂದು ಬೇಸಿಗೆಯ ತುಂಬು ಕೆಲಸ.

ನಾನು ಕೇಳುವುದು ಇಷ್ಟು. ಬರುವ ಬೇಸಿಗೆಯಲ್ಲಿ ನಿಮ್ಮ ಪ್ರತಿ ಸೈಟಿಗೆ ಇಬ್ಬರನ್ನು ತೆಗೆದುಕೊಳ್ಳಿ, ಸಾಧ್ಯವಾದರೆ ಅವರಲ್ಲಿ ಒಬ್ಬಳು ಹುಡುಗಿಯಾಗಿರಲಿ. ಹಾಜರಿ ಪುಸ್ತಕವನ್ನು ಗೇಟಿನಲ್ಲೇ ಇಡಿ, ದಿನದ ಕೆಲಸವನ್ನು ಅವರ ಕೈಯಲ್ಲೇ ಬರೆಸಿ, ಕೆಳಗೆ ಮೇಸ್ತ್ರಿಯ ಸಹಿಯೂ ಇರಲಿ. ಬಂದಷ್ಟೇ ದಿನವನ್ನು ಸರ್ಟಿಫಿಕೇಟಿನಲ್ಲಿ ಕಾಣಿಸಿ. ಜಾಗ ಕೊಡಲು ಆಗದಿದ್ದರೆ ಆಗುವುದಿಲ್ಲವೆಂದು ಮುಖಕ್ಕೆ ಹೇಳಿ ಕಳಿಸಿ. ನಿಮ್ಮ ರಬ್ಬರ್ ಸ್ಟಾಂಪು ಮಾತ್ರ, ಸೈಟಿಗೆ ಬಾರದ ಯಾವ ಮಗುವಿನ ಹೆಸರಿನ ಕೆಳಗೂ ಬೀಳದಿರಲಿ.

ಇಂತಿ,
ಓಬಳಾಪುರದ ಒಬ್ಬ ಕಟ್ಟಡ ಕೆಲಸಗಾರ