ಅಕ್ಕರೆಯ ಬೆಳೆಗಾರರಿಗೆ ಬೂಷ್ಟಿನ ಬಹಿರಂಗ ಪತ್ರ

ಇವರಿಂದ: ಕಪ್ಪು ಬೂಷ್ಟು, ಈರುಳ್ಳಿ ಸಿಪ್ಪೆಯ ಒಳಮಗ್ಗುಲು

ಇವರಿಗೆ: ಹಿತ್ತಲಲ್ಲೂ ತಾರಸಿಯಲ್ಲೂ ಈರುಳ್ಳಿ ಬೆಳೆಯುವ ಸಮಸ್ತ ಮಹನೀಯರು

ವಿಷಯ: ನನ್ನ ವಂಶಾಭಿವೃದ್ಧಿಗೆ ತಾವು ನೀಡುತ್ತಿರುವ ಸಹಕಾರದ ಬಗ್ಗೆ ಕೃತಜ್ಞತೆ

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನೊಂದು ಬಡಪಾಯಿ. ಮಣ್ಣಲ್ಲೋ ಗಾಳಿಯಲ್ಲೋ ಪುಡಿಯಾಗಿ ಬಿದ್ದಿರುತ್ತೇನೆ. ಒಂದಿಷ್ಟು ತೇವ, ಒಂದಿಷ್ಟು ಸೆಖೆ, ಗಡ್ಡೆಯೊಳಗೆ ನುಗ್ಗಲು ಒಂದು ಗಾಯ ಸಿಕ್ಕರೆ ನನ್ನ ಸಂಸಾರ ನಡೆಯುತ್ತದೆ. ಇವನ್ನೆಲ್ಲ ತಾವು ಕೇಳದೆಯೇ ಕೊಡುತ್ತೀರಿ.

ಫಾಲ್ಗುಣದ ಬಿಸಿಲಿಗೆ ಎಲೆ ಹಳದಿ ತಿರುಗಿ, ಕುತ್ತಿಗೆ ಮೆತ್ತಗಾಗಿ, ಅರ್ಧದಷ್ಟು ಗಿಡ ನೆಲಕ್ಕೆ ಒರಗಿದರೆ ಕೀಳುವ ಕಾಲ ಬಂತೆಂದು ಪಳಗಿದ ರೈತರು ಲೆಕ್ಕ ಹಾಕುತ್ತಾರೆ. ಕೀಳುವ 10–15 ದಿನ ಮೊದಲೇ ನೀರನ್ನೂ ನಿಲ್ಲಿಸಿಬಿಟ್ಟಿರುತ್ತಾರೆ, ನಿರ್ದಯಿಗಳು! ತಾವೋ "ಅಯ್ಯೋ, ಬಾಡಿತಲ್ಲ" ಎಂದು ಮರುಗಿ ಇನ್ನೆರಡು ಚೆಂಬು ಹೊಯ್ಯುತ್ತೀರಿ. ಆ ಹೊತ್ತಿನಲ್ಲಿ ಒಂದು ಹಿಡಿ ಯೂರಿಯಾವನ್ನೂ ಉದುರಿಸುವವರಿಗೆ ನಾನು ಏಳೇಳು ಜನ್ಮಕ್ಕೂ ಋಣಿ. ದಪ್ಪಗಾಗಿ ಒಣಗದೇ ಉಳಿದ ಕುತ್ತಿಗೆಯೇ ನನ್ನ ಹೆಬ್ಬಾಗಿಲು.

ಕಿತ್ತ ಮೇಲಂತೂ ತಮ್ಮ ಅಕ್ಕರೆಗೆ ಕಟ್ಟೆಯೇ ಇಲ್ಲ. ಮಣ್ಣು ಮೆತ್ತಿದ್ದು ನೋಡಲಾರದೆ ನಲ್ಲಿಯಡಿ ತೊಳೆಯುತ್ತೀರಿ. ಹಸಿ ಎಲೆಯನ್ನು ಬುಡಕ್ಕೇ ಕತ್ತರಿಸಿ ಫೋಟೊ ತೆಗೆಯುತ್ತೀರಿ. ಆ ರೈತರ ಒರಟುತನ ನೋಡಿ: ಒಂದರ ಎಲೆ ಇನ್ನೊಂದರ ಗಡ್ಡೆಗೆ ನೆರಳಾಗುವಂತೆ ಹೊಲದಲ್ಲೇ ಸಾಲಾಗಿ ಮಲಗಿಸಿ ಮೂರ್ನಾಲ್ಕು ದಿನ ಬಿಡುತ್ತಾರೆ. ಎಲೆ ಒಣಗಿದ ಮೇಲೆಯೇ ಒಂದಂಗುಲ ಕುತ್ತಿಗೆ ಉಳಿಸಿ ಕತ್ತರಿಸುತ್ತಾರೆ. ಅನಂತರವೂ ನೆರಳಲ್ಲಿ, ಗಾಳಿಯಲ್ಲಿ ವಾರಗಟ್ಟಲೆ ಹರವುತ್ತಾರೆ. ಹಿಸುಕಿದರೆ ಕುತ್ತಿಗೆಯಲ್ಲಿ ಪಸೆಯಿಲ್ಲ, ಮುಟ್ಟಿದರೆ ಸಿಪ್ಪೆ ಗರಗರ. ಅಂಥ ಮನೆಯಲ್ಲಿ ನಾನು ಬಾಳುವುದು ಹೇಗೆ?

ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ತಿಂಗಳುಗಟ್ಟಲೆ ಕೆಡದ 'ಅರ್ಕಾ ನಿಕೇತನ' ತಳಿ ಕೊಟ್ಟಾಗ ನನಗೆ ದಿಗಿಲಾಗಿತ್ತು. ತಾವು ಅದನ್ನೂ ಪ್ಲಾಸ್ಟಿಕ್ ಕವರಿಗೆ ತುಂಬಿ, ಬಾಯಿಗೆ ಗಂಟು ಬಿಗಿದು, ಆಲೂಗಡ್ಡೆಯ ಜೊತೆ ಸಿಂಕಿನ ಕೆಳಗೆ ತಳ್ಳಿದಿರಿ. ಗಂಟಿನೊಳಗೆ ಗಡ್ಡೆ ಉಸಿರಾಡಿ ಬಿಟ್ಟ ತೇವವೆಲ್ಲ ನನ್ನ ಪಾಲಾಯಿತು.

ನನ್ನ ದೂರು ಒಂದೇ, ಅದು ಕೆಲವು ಮನೆಗಳ ಅಜ್ಜಿಯಂದಿರ ಮೇಲೆ. ಕುತ್ತಿಗೆ ದಪ್ಪಗಿದ್ದದ್ದು, ಹೂವಿನ ದಂಟು ಬಿಟ್ಟದ್ದು, ಜೋಡಿಗಡ್ಡೆ, ಗುದ್ದಲಿ ತಗುಲಿದ್ದು ಎಲ್ಲವನ್ನೂ ಬೇರೆ ತೆಗೆದು ಮೊದಲು ಸಾರಿಗೆ ಹಾಕಿಬಿಡುತ್ತಾರೆ. ಗಟ್ಟಿಯಾದವನ್ನು ಮಾತ್ರ ಜಾಲರಿ ಚೀಲದಲ್ಲಿ ಜಂತೆಗೆ ತೂಗುಹಾಕುತ್ತಾರೆ. ಸಾಲದ್ದಕ್ಕೆ ವಾರಕ್ಕೊಮ್ಮೆ ಇಳಿಸಿ ಮೂಸಿ ನೋಡಿ, ಕೊಳೆತದ್ದೊಂದು ಸಿಕ್ಕರೂ ಆಚೆ ಎಸೆಯುತ್ತಾರೆ. ಒಂದರಿಂದ ಇನ್ನೊಂದಕ್ಕೆ ದಾಟಿ ಬೆಳೆಯುವ ನನ್ನ ಹಕ್ಕಿಗೆ ಬೆಲೆಯೇ ಇಲ್ಲವೇ? ತಾವಾದರೋ ಚೀಲದ ಬಾಯಿ ಬಿಚ್ಚುವುದು ವಾಸನೆ ಹಾಲ್‌ಗೆ ಬಂದಮೇಲೆಯೇ.

ಆದ್ದರಿಂದ ದಯಮಾಡಿ ತಮ್ಮ ಅಕ್ಕರೆಯನ್ನು ಕಡಿಮೆ ಮಾಡಬಾರದಾಗಿ ಪ್ರಾರ್ಥನೆ. ತಮ್ಮ ಅಕ್ಕರೆಯೇ ನನ್ನ ಅನ್ನ.

ಇತಿ ತಮ್ಮ ವಿಧೇಯ,
ಕಪ್ಪು ಬೂಷ್ಟು

ವಿ.ಸೂ.: ಈ ಪತ್ರ ಓದಿದ ಕೂಡಲೇ ಕವರು ಬಿಚ್ಚಿ ಈರುಳ್ಳಿಯನ್ನು ಗಾಳಿಗೆ ಹರವುವವರ ವಿರುದ್ಧ ನಂಬಿಕೆದ್ರೋಹದ ದೂರು ದಾಖಲಿಸಲಾಗುವುದು.