ದೆವ್ವ ಒಂಟಿಯಾಗಿ ಬಂದ್ರೆ ಟಿಕೆಟ್ ಹೋಗೋಲ್ಲ

ಏನ್ರೀ ಪದ್ಮ, ರಾತ್ರಿ ನಿಮ್ಮನೇಲಿ ಅದೇನು ಕಿರುಚಾಟ? ದೆವ್ವದ ಸಿನಿಮಾನೇ? ನಾನೂ ಹಾಗೇ ಅಂದ್ಕೊಂಡೆ. ಆದ್ರೆ ಕಿರುಚಿದ ಬೆನ್ನಿಗೇ ಎಲ್ಲರೂ ಗೊಳ್ಳಂತ ನಕ್ಕಿದ್ದೂ ಕೇಳಿಸ್ತು ನೋಡಿ, ಅದೇ ನನಗೆ ಬಗೆಹರೀಲಿಲ್ಲ. ದೆವ್ವ ನೋಡಿ ನಗೋ ಕಾಲ ಬಂತಲ್ಲ ಕಣ್ರೀ!

ನೀವು ಏನೇ ಹೇಳಿ, ಬರೀ ದೆವ್ವಕ್ಕೆ ದುಡ್ಡು ಕೊಟ್ಟು ಸಿನಿಮಾ ನೋಡೋ ಜನ ನಾವಲ್ಲ. ಬರೀ ಖಾರದಪುಡಿ ಕಲಸ್ಕೊಂಡು ಯಾರಾದ್ರೂ ಅನ್ನ ಉಣ್ತಾರೇನ್ರೀ? ದೆವ್ವದ ಜೊತೆಗೆ ಇನ್ನೊಬ್ಬರು ಬರಬೇಕು. 1979ರಲ್ಲಿ ‘ನಾ ನಿನ್ನ ಬಿಡಲಾರೆ’ ಬಂದಾಗ ನೀವಿನ್ನೂ ಹುಟ್ಟಿರಲಿಲ್ಲ ಬಿಡಿ. ಅನಂತನಾಗ್ ಮೈಮೇಲೆ ಕಾಮಿನಿ ಅನ್ನೋ ದೆವ್ವ ಬರೋದು. ಅಷ್ಟು ಲಕ್ಷಣವಾದ ಹುಡುಗ ಕಣ್ಣು ಕೆಂಪಗೆ ಮಾಡ್ಕೊಂಡು ನಿಂತ್ರೆ ನಮ್ಮ ಸಾಲಿನ ಹೆಂಗಸರೆಲ್ಲ ಸೆರಗನ್ನ ಬಾಯಿಗೆ ತುರುಕ್ಕೊಂಡಿದ್ರು. ಆದ್ರೂ ಎದ್ದು ಹೋಗಲಿಲ್ಲ. ಯಾಕೆ? ಲಕ್ಷ್ಮಿ ಇದ್ಲಲ್ಲ ಹೆಂಡತಿ, ಅವಳ ಬೆನ್ನಿಗೆ ಮಂತ್ರಾಲಯದ ರಾಯರಿದ್ರಲ್ಲ! ರಾಯರು ನೋಡ್ಕೋತಾರೆ ಅನ್ನೋ ಧೈರ್ಯದ ಮೇಲೇ ನಾವು ಹೆದರಿದ್ದು. ಅದನ್ನೇ ಹಿಂದೀಲಿ ‘ಮಂಗಳಸೂತ್ರ’ ಅಂತ ತೆಗೆದ್ರು, ಅಲ್ಲೂ ಅನಂತನಾಗೇ, ಜೊತೆಗೆ ರೇಖಾ.

ಆಗ ಹೆದರಿಕೆ ಸಿನಿಮಾದಲ್ಲಿ ಅರ್ಧ, ವಾಪಸ್ ಬರೋ ದಾರೀಲಿ ಅರ್ಧ. ಟೆಂಟ್‌ನಲ್ಲಿ ಸೆಕೆಂಡ್ ಶೋ ಮುಗಿಸ್ಕೊಂಡು, ಹುಣಸೆಮರ ದಾಟಿ ಬರಬೇಕಾದ್ರೆ ಇತ್ತು ನೋಡಿ ನಿಜವಾದ ಕ್ಲೈಮ್ಯಾಕ್ಸು. ಇವತ್ತು ಆ ಮರಾನೂ ಇಲ್ಲ, ಇದ್ರೂ ಅದರ ಬುಡದಲ್ಲಿ ಒಂದು ಎಗ್‌ರೈಸ್ ಗಾಡಿ ಇರುತ್ತೆ.

ಹಿಂದಿಯವರದ್ದು ಬೇರೇನೇ ದಾರಿ. ರಾಮ್‌ಸೇ ಅಂತ ಏಳು ಜನ ಅಣ್ಣತಮ್ಮಂದಿರು, 1972ರಲ್ಲಿ ‘ದೋ ಗಜ್ ಜಮೀನ್ ಕೆ ನೀಚೆ’ ತೆಗೆದ್ರು. ಆಮೇಲೆ ಹಳೇ ಬಂಗಲೆ, ಹೊಗೆ, ಕಿರ್ ಅನ್ನೋ ಬಾಗಿಲು, ಅದೇ ಕಸುಬು. 1984ರ ‘ಪುರಾನಾ ಮಂದಿರ್’ ಅಂತೂ ಭಾರೀ ದುಡ್ಡು ಮಾಡ್ತು. ದೆವ್ವದ ಜೊತೆಗೆ ಅವರು ಕಳಿಸ್ತಿದ್ದದ್ದು ಸ್ನಾನದ ದೃಶ್ಯಾನ ಕಣ್ರೀ, ಅದಕ್ಕೇ ‘ಎ’ ಸರ್ಟಿಫಿಕೇಟು. ನಮ್ಮನೆಯವರು ಯಾರೋ ಸ್ನೇಹಿತರು ಎಳ್ಕೊಂಡು ಹೋದ್ರು ಅಂತ ಇವತ್ತಿಗೂ ಹೇಳ್ತಾರೆ. 1993ರಲ್ಲಿ ಅದೇ ರಾಮ್‌ಸೇಗಳು ‘ಝೀ ಹಾರರ್ ಶೋ’ ಅಂತ ಟೀವಿಗೇ ತಂದ್ರಲ್ಲ, ಮನೇಗೇ ಬಂದು ಪುಕ್ಕಟೆ ಹೆದರಿಸೋ ದೆವ್ವ ಇರಬೇಕಾದ್ರೆ ಟಾಕೀಸಿಗೆ ಯಾರು ಹೋಗ್ತಾರೆ? ಅದೇ ವರ್ಷ ಕನ್ನಡದಲ್ಲಿ ಉಪೇಂದ್ರ ‘ಶ್!’ ತೆಗೆದ. ಅದು ಚೆನ್ನಾಗಿತ್ತು.

ಆದ್ರೆ ಮನೆಮಂದಿಯೆಲ್ಲ ಮತ್ತೆ ದೆವ್ವ ನೋಡಕ್ಕೆ ಹೊರಟಿದ್ದು 2004ರಲ್ಲಿ, ‘ಆಪ್ತಮಿತ್ರ’ಕ್ಕೆ. ಅದರಲ್ಲಿ ದೆವ್ವಾನೇ ಇಲ್ಲ ಅಂತೀರಾ? ಅದೇ ನಾನು ಹೇಳ್ತಿರೋದು! ರಾಯರ ಜಾಗಕ್ಕೆ ಮಾನಸಿಕ ವೈದ್ಯರು ಬಂದ್ರು, ವಿಷ್ಣುವರ್ಧನ್. 1993ರ ಮಲಯಾಳದ ‘ಮಣಿಚಿತ್ರತ್ತಾಳ್’ ಕಥೆ ಅದು, ನಾಗವಲ್ಲಿ ಅನ್ನೋದು ಆ ಹುಡುಗಿ ಮನಸ್ಸಿನ ಕಾಯಿಲೆ. ಹಾಗಂತ ಡಾಕ್ಟರನ್ನೊಬ್ಬರನ್ನೇ ನಂಬಿ ಕೂರೋ ಪೈಕೀನಾ ನಾವು? ಪಕ್ಕದಲ್ಲಿ ಅವಿನಾಶ್ ಆಚಾರ್ಯರಾಗಿ ಹೋಮದ ಸಾಮಾನು ಇಟ್ಕೊಂಡು ರೆಡಿ ಇದ್ರು. ಕಾಯಿಲೆ ಅಂದೋರಿಗೂ ಸಮಾಧಾನ, ಗಾಳಿ ಸೋಕಿದೆ ಅಂದೋರಿಗೂ ಸಮಾಧಾನ. ನಮ್ಮ ಮನೆಗಳಲ್ಲೂ ಮಾತ್ರೆ ನುಂಗಿ ತಾಯಿತ ಕಟ್ಟಿಸ್ಕೊಳ್ಳೋದು ಹಾಗೇ ಅಲ್ವೇ?

ನಾಗವಲ್ಲಿ ಆಗಿದ್ದ ಸೌಂದರ್ಯ ಅದೇ ವರ್ಷ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ಹೋಗಿಬಿಟ್ಲು, ಸಿನಿಮಾ ಬಂದಿದ್ದು ಆಗಸ್ಟ್‌ನಲ್ಲಿ. ಪರದೆ ಮೇಲೆ ಅವಳು ಕಣ್ಣರಳಿಸಿ ಕುಣೀತಿದ್ರೆ ಹೆದರಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಮುಂದೆ ಎಷ್ಟು ಜನ ನಾಗವಲ್ಲಿ ಆದ್ರೋ, ನನಗಂತೂ ಅವಳೊಬ್ಬಳೇ.

ಆಮೇಲೆ? ಆಮೇಲೆ ‘6-5=2’ ಬಂತು, 2013ರಲ್ಲಿ. ಚಾರಣಕ್ಕೆ ಹೋದ ಹುಡುಗರ ಕ್ಯಾಮೆರಾದಲ್ಲಿ ಸಿಕ್ಕಿದ್ದು ಅನ್ನೋ ಹಾಗೆ ತೆಗೆದಿದ್ರು. ಸಣ್ಣ ಖರ್ಚಲ್ಲಿ ಗೆದ್ದುಬಿಡ್ತು ನೋಡಿ, ಆಮೇಲೆ ಒಂದು ಪಾಳು ಮನೆ, ನಾಲ್ಕು ಹುಡುಗರು ಸಿಕ್ಕಿದೋರೆಲ್ಲ ಡೈರೆಕ್ಟರುಗಳೇ. ಅವುಗಳಲ್ಲಿ ನಾನು ಹೆದರಿದ್ದು ಸ್ಪೀಕರ್‌ಗೆ ಮಾತ್ರ. ಬೆಕ್ಕು ಬಂದ್ರೂ ಢಮಾರ್!

ಅವರ ಮಧ್ಯೆ ಪವನ್ ಕುಮಾರ್ ಒಬ್ಬ ಬುದ್ಧಿವಂತ ಕಣ್ರೀ. 2016ರಲ್ಲಿ ‘ಯು ಟರ್ನ್’ ತೆಗೆದ. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ ಡಿವೈಡರ್ ಕಲ್ಲು ಸರಿಸಿ ಗಾಡಿ ತಿರುಗಿಸ್ಕೊಂಡು ಹೋಗ್ತಿದ್ರಲ್ಲ, ಅಂಥವರನ್ನ ಹಿಡಿಯೋ ದೆವ್ವ. ಸಂಬಳ ಇಲ್ದೆ ಟ್ರಾಫಿಕ್ ಡ್ಯೂಟಿ! ತಮಿಳು, ತೆಲುಗು, ಹಿಂದಿಗೆಲ್ಲ ಹೋಯ್ತು ಆ ಕಥೆ.

ನಗೋ ವಿಷಯಕ್ಕೆ ಬರ್ತೀನಿ ಇರಿ. ತೊಂಬತ್ತರ ದಶಕದಲ್ಲಿ, ದೆವ್ವ ಓದ್ಕೊಂಡು ವಾಪಸ್ ಹೋಗ್ಲಿ ಅಂತ ಬಾಗಿಲ ಮೇಲೆ ‘ನಾಳೆ ಬಾ’ ಬರೀತಿದ್ದದ್ದು ನೆನಪಿದೆಯಾ? ನಮ್ಮತ್ತೆ ಸೀಮೆಸುಣ್ಣದಲ್ಲಿ ದಪ್ಪಗೆ ಬರೆದಿದ್ರು. ಪೇಪರಿನವನೂ ಅದನ್ನೇ ಓದ್ಕೊಂಡು ಹೋಗಿದ್ನೋ ಏನೋ, ಅವತ್ತು ಪೇಪರ್ ಬರಲಿಲ್ಲ. ನಮ್ಮ ಆ ದೆವ್ವಾನ ಹಿಂದಿಯವರು ಮಧ್ಯಪ್ರದೇಶದ ಚಂದೇರಿಗೆ ಕರ್ಕೊಂಡು ಹೋಗಿ 2018ರಲ್ಲಿ ‘ಸ್ತ್ರೀ’ ಮಾಡಿದ್ರು, ನಗಿಸಿ ನಗಿಸಿ ಹೆದರಿಸಿದ್ರು. 2024ರಲ್ಲಿ ಎರಡನೇ ಭಾಗ ಬಂದಾಗ ಹಿಂದಿಯ ಎಷ್ಟೋ ದೊಡ್ಡ ಹೀರೋಗಳ ಸಿನಿಮಾಗಳೂ ಅಷ್ಟು ದುಡ್ಡು ಮಾಡಲಿಲ್ಲ. ನಾವು ಸುಮ್ನೆ ಓಡಿಸಿಬಿಟ್ವಿ, ಅವರು ಸಂಪಾದನೆಗೆ ಹಚ್ಚಿದ್ರು. ಕೊನೆಗೆ 2025ರಲ್ಲಿ ‘ಸು ಫ್ರಮ್ ಸೋ’ ಬಂತು, ಕರಾವಳಿಯ ಜೆ. ಪಿ. ತುಮಿನಾಡ್ ತೆಗೆದದ್ದು. ಮಾನ ಉಳಿಸ್ಕೊಳ್ಳಕ್ಕೆ ಒಬ್ಬ ಮೈಮೇಲೆ ಬಂದ ಹಾಗೆ ನಾಟಕ ಆಡ್ತಾನೆ, ಇಡೀ ಊರು ನಂಬುತ್ತೆ. ಸೋಮೇಶ್ವರದ ಸುಲೋಚನಾ ಅಂತ ದೆವ್ವಕ್ಕೆ ಊರು, ಹೆಸರು, ವಿಳಾಸ ಎಲ್ಲ ಇದೆ!

‘ತುಂಬಾಡ್’ ಅಂತೀರಾ? ಹೌದು, ಅದರಲ್ಲಿ ನಗು ಇಲ್ಲ. 2018ರಲ್ಲಿ ಬಂದಾಗ ಅಷ್ಟಾಗಿ ಓಡಲಿಲ್ಲ, 2024ರಲ್ಲಿ ಮತ್ತೆ ಬಿಟ್ಟಾಗ ಮೊದಲ ಸಲಕ್ಕಿಂತ ಹೆಚ್ಚು ದುಡ್ಡು ಮಾಡ್ತು, ಒಪ್ಪಿದೆ. ಅಲ್ಲಿ ದೆವ್ವದ ಜೊತೆಗಾರ ದುರಾಸೆ ಕಣ್ರೀ. ಚಿನ್ನದ ನಾಣ್ಯ ಕಂಡ್ರೆ ನಾನೂ ಒಂದು ಕ್ಷಣ ಬಾವಿಗೆ ಇಳಿಯೋಣ ಅಂದ್ಕೊಂಡೇನು.

ನಿಮ್ಮ ಮಗ ಕಿರುಚಿತ್ರ ತೆಗೀತೀನಿ ಅಂತ ಮೊಬೈಲ್ ಹಿಡ್ಕೊಂಡು ಓಡಾಡ್ತಿದ್ದಾನಲ್ಲ, ಅವನಿಗೆ ಹೇಳಿ. ಬಿಳೀ ಸೀರೆ, ಬಿಚ್ಚಿದ ಕೂದಲು ಎಲ್ಲ ಸಾಕು, ದೆವ್ವಕ್ಕೆ ಮೊದಲು ಒಂದು ಉದ್ಯೋಗ ಹುಡುಕು ಅಂತ. ನಮ್ಮ ಬೀದಿ ಅಗೆದು ಮುಚ್ಚದೇ ಹೋದ್ರಲ್ಲ, ಅವರ ಮನೆ ಬಾಗಿಲು ತಟ್ಟೋ ದೆವ್ವ ಇದ್ರೆ ನಾನೇ ಆ ಪಾರ್ಟು ಮಾಡ್ತೀನಿ, ಮೇಕಪ್ಪೂ ಬೇಡ.